ಅಡಿಸ್ ಅಬಾಬಾದ ಒಂದು ಬುಧವಾರ: 36 ಗಂಟೆ ಎದ್ದಿದ್ದವನ ಪ್ರಕರಣ

ಊರಿಗೆ ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ. "ಆಫ್ರಿಕಾ ಅಲ್ವಾ ಸಾರ್, ಸೆಕೆ ಜಾಸ್ತಿ ಇತ್ತಾ? ಅದಕ್ಕೇ ಇಷ್ಟು ಸೊರಗಿದ್ದೀರಿ."

ಸೆಕೆಯೇ ಇರಲಿಲ್ಲ. ಬೆಳಗ್ಗೆ ಸ್ವೆಟರ್ ಇಲ್ಲದೆ ನಡುಗಿದ್ದೆ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದ ನವೆಂಬರ್ ನಮ್ಮ ತುಮಕೂರಿನ ನವೆಂಬರ್‌ಗಿಂತ ತಂಪು. ಸೊಳ್ಳೆ ಕಾಟ ಇರಲಿಲ್ಲ, ಹೊಟ್ಟೆ ಕೆಡಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಆದರೂ ಆ ಬುಧವಾರ ಮಧ್ಯಾಹ್ನ ನಾನು ಸುಮಾರು 80 ಜನರ ಮುಂದೆ ನಿಂತು, ನನ್ನದೇ ಕೆಲಸದ ಬಗ್ಗೆ ತಪ್ಪು ಹೇಳಿದೆ. ತಪ್ಪು ಹೇಳುತ್ತಿದ್ದೇನೆ ಅನ್ನುವುದೂ ಗೊತ್ತಾಗಲಿಲ್ಲ. "ದೂರದ ಪ್ರಯಾಣ, ವಯಸ್ಸಾಯ್ತು" ಅಂತ ಕೈತೊಳೆದುಕೊಳ್ಳಬಹುದಿತ್ತು. ಆದರೆ ಒಂದೊಂದೇ ಗಂಟೆ ಹಿಂದಕ್ಕೆ ಹೋಗಿ ನೋಡಿದಾಗ ಬೇರೆಯೇ ಲೆಕ್ಕ ಸಿಕ್ಕಿತು. ಅದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಆದದ್ದು ಏನು

ನನಗೆ 52 ವರ್ಷ. ತುಮಕೂರು ಕಡೆಯ ಸಣ್ಣ ರೈತರ ಜೊತೆ ರಾಗಿ, ಸಾವೆ, ನವಣೆ ಅಂತ ಓಡಾಡಿಕೊಂಡಿರುವವನು. ಕಿರುಧಾನ್ಯಗಳ ಬಗ್ಗೆ ನಡೆದ ಮೂರು ದಿನಗಳ ಸಭೆಗೆ ಕರೆದಿದ್ದರು. ನನಗೆ ಕೊಟ್ಟಿದ್ದು 12 ನಿಮಿಷ, ಮೊದಲ ದಿನ ಮಧ್ಯಾಹ್ನ ಎರಡೂವರೆಗೆ. ವಿಷಯ ಅಕ್ಕಡಿ ಬೆಳೆ. ರಾಗಿ ಹೊಲದಲ್ಲಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರಲ್ಲ, ಅದು. ನಮ್ಮ ರೈತರ ಹೊಲದಲ್ಲಿ ಒಳ್ಳೆಯ ಮಳೆಯಾದ ವರ್ಷ ಎಕರೆಗೆ 8 ಕ್ವಿಂಟಲ್ ರಾಗಿ ಸಿಕ್ಕಿತ್ತು. ಅವರೆ, ಹುಚ್ಚೆಳ್ಳು ಬೇರೆ. ಹೇಳಬೇಕಾಗಿದ್ದದ್ದು ಇಷ್ಟೇ.

ನಾನು ಹೇಳಿದ್ದು "ಹೆಕ್ಟೇರಿಗೆ 8 ಕ್ವಿಂಟಲ್".

ಒಂದು ಹೆಕ್ಟೇರ್ ಅಂದರೆ ಸುಮಾರು 2.47 ಎಕರೆ. ನಮ್ಮ ಲೆಕ್ಕ ಹೆಕ್ಟೇರಿಗೆ 20 ಕ್ವಿಂಟಲ್ ಆಗಬೇಕಿತ್ತು. ಅರ್ಧಕ್ಕಿಂತ ಕಡಿಮೆ ಮಾಡಿಬಿಟ್ಟೆ. ಉಗಾಂಡಾದಿಂದ ಬಂದಿದ್ದ ಒಬ್ಬರು ಮೃದುವಾಗಿಯೇ ಕೇಳಿದರು. "ಇದಕ್ಕಿಂತ ಜಾಸ್ತಿ ನಮ್ಮಲ್ಲಿ ಗೊಬ್ಬರ ಹಾಕದ ಹೊಲದಲ್ಲೇ ಬರುತ್ತದೆ. ನಿಮ್ಮ ಪದ್ಧತಿಯಿಂದ ರೈತನಿಗೆ ಏನು ಲಾಭ?" ಅವರು ಬಾಗಿಲು ತೆರೆದು ಹಿಡಿದಿದ್ದರು. ಪರದೆಯ ಮೇಲೆ ಸರಿಯಾದ ಸಂಖ್ಯೆ ಇತ್ತು, ತಿರುಗಿ ನೋಡಿದ್ದರೆ ಸಾಕಿತ್ತು. ನಾನು ನೋಡಲಿಲ್ಲ. "ನಮ್ಮ ಕಡೆ ಮಳೆ ಕಡಿಮೆ" ಅಂದೆ. ಸಭೆ ಸುಮ್ಮನಾಯಿತು. ಒಪ್ಪಿಕೊಂಡರು ಅಂದುಕೊಂಡೆ.

ಇನ್ನೊಂದು ಆಯಿತು. ಮುಗಿದ ಮೇಲೆ ಬಿಳಿ ಹತ್ತಿಯ ಶಾಲು ಹೊದ್ದ ಹಿರಿಯರೊಬ್ಬರು ಹತ್ತಿರ ಬಂದರು. ನನ್ನ ಕರಪತ್ರದಲ್ಲಿ ಹಳದಿ ಹೂವಿನ ಸಾಲಿರುವ ಫೋಟೋ ಒಂದಿತ್ತು. ಅದರ ಮೇಲೆ ಬೆರಳಿಟ್ಟು "ನೂಗ್, ನೂಗ್" ಅಂದರು. ಕಣ್ಣು ಅರಳಿತ್ತು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿಯೂ ಇರಲಿಲ್ಲ. ಸುಮ್ನೆ ನಕ್ಕು, ತಲೆಯಾಡಿಸಿ, ಹೊರಗೆ ಹೋಗಿ ಒಂದು ಕುರ್ಚಿಯಲ್ಲಿ ಕುಸಿದೆ.

ಸಂಖ್ಯೆಯ ತಪ್ಪಿಗಿಂತ ಇದು ದೊಡ್ಡದು ಅಂತ ನನಗೆ ಆಮೇಲೆ ಗೊತ್ತಾಯಿತು.

ಶುರುವಾಗಿದ್ದು ತುಮಕೂರಿನಲ್ಲಿ

ಟಿಕೆಟ್ ತೆಗೆಯುವಾಗ ಎರಡು ದಾರಿ ಇದ್ದವು. ಸೋಮವಾರ ರಾತ್ರಿ ಹೊರಟು ಮಂಗಳವಾರ ಬೆಳಗ್ಗೆ ಸೇರಿ, ಒಂದು ದಿನ ಸುಧಾರಿಸಿಕೊಳ್ಳುವುದು. ಇಲ್ಲವೇ ಮಂಗಳವಾರ ರಾತ್ರಿ ಹೊರಟು, ಬುಧವಾರ ಬೆಳಗ್ಗೆ ಇಳಿದು, ನೇರ ಸಭೆಗೆ ಹೋಗುವುದು. ನಮ್ಮ ಲೆಕ್ಕ ನೋಡುವ ಹುಡುಗ "ಸಾರ್, ಎರಡನೇದು ಮಾಡಿದ್ರೆ ಒಂದು ರಾತ್ರಿ ರೂಮಿನ ದುಡ್ಡು ಉಳಿಯುತ್ತೆ" ಅಂದ. ನನಗೂ ಅದು ಜಾಣತನ ಅನ್ನಿಸಿತು. ಸಹಿ ಹಾಕಿದವನು ನಾನೇ, ಅವನನ್ನು ಬೈಯುವ ಹಾಗಿಲ್ಲ.

ಭಾರತಕ್ಕೂ ಇಥಿಯೋಪಿಯಾಕ್ಕೂ ಎರಡೂವರೆ ಗಂಟೆ ವ್ಯತ್ಯಾಸ. ಅಮೆರಿಕಕ್ಕೆ ಹೋದವರು ಹೇಳುವ ಹಾಗೆ ಹಗಲು ರಾತ್ರಿ ಅದಲು ಬದಲಾಗುವುದಿಲ್ಲ. ಅದಕ್ಕೇ ಪ್ರಯಾಣವನ್ನು ಹಗುರವಾಗಿ ತೆಗೆದುಕೊಂಡೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರವಾಗಿದ್ದೆ. ಇಥಿಯೋಪಿಯಾಕ್ಕೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಹಾಕಿಸಿಕೊಂಡ 10 ದಿನಗಳ ಮೇಲೆಯೇ ಆ ಸರ್ಟಿಫಿಕೇಟ್ ಊರ್ಜಿತ. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕೂರಿಸುತ್ತಾರೆ. ಆ ಹಳದಿ ಪುಸ್ತಕವನ್ನು ಮೂರು ಸಲ ತೆಗೆದು ನೋಡಿದ್ದೆ. ಕಾಯಿಲೆಗೆ ಇಷ್ಟು ಜಾಗ್ರತೆ, ನಿದ್ದೆಗೆ ಕಾಸಿನಷ್ಟೂ ಇಲ್ಲ.

ಮಂಗಳವಾರ ಬೆಳಗ್ಗೆ ಐದಕ್ಕೆ ಎದ್ದೆ. ಸಭೆಯಲ್ಲಿ ಹಂಚುವ ಕರಪತ್ರ ಅಚ್ಚು ಹಾಕಿಸಿ, ಕಟ್ಟು ಕಟ್ಟಿಸಿ, ಸಂಜೆ ನಾಲ್ಕಕ್ಕೆ ಮನೆ ಬಿಟ್ಟೆ. ನೆಲಮಂಗಲದ ಹತ್ತಿರ ಲಾರಿಗಳ ಸಾಲು. ದೇವನಹಳ್ಳಿ, ಅಲ್ಲಿಂದ ಮುಂಬೈ, ಮುಂಬೈಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕಾಯುವಿಕೆ. ಬೆಳಗಿನ ಜಾವ ಮೂರರ ಹೊತ್ತಿಗೆ ವಿಮಾನ ಎದ್ದಿತು. ಎದ್ದ ಸ್ವಲ್ಪ ಹೊತ್ತಿಗೆ ದೀಪ ಹಾಕಿ ಊಟ ಕೊಟ್ಟರು. ಬೆಳಗಿನ ಜಾವ ನಾಲ್ಕಕ್ಕೆ ಯಾರು ಊಟ ಮಾಡುತ್ತಾರೆ? ನಾನು ಮಾಡಿದೆ. ಸೀಟಿನಲ್ಲಿ ಕತ್ತು ವಾಲಿಸಿಕೊಂಡು ಒಂದೂವರೆ ಗಂಟೆ ಕಣ್ಣು ಮುಚ್ಚಿದ್ದಿರಬಹುದು.

ಬೋಲೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಬೆಳಗ್ಗೆ ಆರು ಗಂಟೆ. ಹೋಟೆಲ್ ತಲುಪಿದಾಗ ಏಳೂಕಾಲು.

ಎರಡೂವರೆ ಅಂದರೆ ಯಾವ ಎರಡೂವರೆ

ಹೋಟೆಲಿಗೆ ಕರೆತಂದ ಡ್ರೈವರ್ ಒಳ್ಳೆಯ ಹುಡುಗ. "ಸಭೆಗೆ ನಾನೇ ಕರ್ಕೊಂಡು ಹೋಗ್ತೀನಿ, ಎರಡೂವರೆಗೆ ಬರ್ತೀನಿ" ಅಂತ ಹರುಕು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಭಾಷಣವೂ ಎರಡೂವರೆಗೇ ಇತ್ತು. ಕಾರ್ಯಕ್ರಮ ಪಟ್ಟಿ ನೋಡಿ, ನನ್ನನ್ನು ಭಾಷಣದ ಹೊತ್ತಿಗೆ ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದಾನೆ ಅಂದುಕೊಂಡೆ. ಬೆಳಗಿನ ಉದ್ಘಾಟನೆ ತಪ್ಪಿಸಿಕೊಳ್ಳುವುದು ಸರಿಯಲ್ಲ ಅಂತ ನನಗೆ. ಅವನು ಆಗಲೇ ಹೋಗಿಬಿಟ್ಟಿದ್ದ. ನನ್ನ ಹತ್ತಿರ ಅಲ್ಲಿನ ಸಿಮ್ ಇರಲಿಲ್ಲ. ಹೋಟೆಲಿನ ಕೌಂಟರ್‌ನಲ್ಲಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸ್ನಾನ ಮಾಡಿ, ಕರಪತ್ರದ ಕಟ್ಟು ಹೆಗಲಿಗೆ ಹಾಕಿಕೊಂಡು ಎಂಟಕ್ಕೆ ಹತ್ತು ನಿಮಿಷವಿದ್ದಾಗ ನಡೆದೇ ಹೊರಟೆ.

ಅವನು ಹೇಳಿದ್ದು ಬೆಳಗ್ಗೆ ಎಂಟೂವರೆ.

ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ನಡುರಾತ್ರಿಯಿಂದಲ್ಲ, ಬೆಳಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಸಂಜೆ ಆರಕ್ಕೆ ಹಗಲಿನ ಹನ್ನೆರಡು ಗಂಟೆ ಮುಗಿದು ರಾತ್ರಿಯ ಎಣಿಕೆ ಶುರು. ಅವರು ಹೇಳಿದ್ದಕ್ಕೆ ಆರು ಕೂಡಿದರೆ ನಮ್ಮ ಗಂಟೆ. ಸಮಭಾಜಕದ ಹತ್ತಿರ ಇರುವುದರಿಂದ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ, ಹಾಗಾಗಿ ಈ ಲೆಕ್ಕ ಅಲ್ಲಿ ಚೆನ್ನಾಗಿ ಕೂರುತ್ತದೆ. ಅವರ ಕ್ಯಾಲೆಂಡರ್ ಕೂಡ ಬೇರೆ. ವರ್ಷಕ್ಕೆ 13 ತಿಂಗಳು, ಕೊನೆಯ ತಿಂಗಳಿಗೆ ಐದೋ ಆರೋ ದಿನ. ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ ಇದ್ದಾರೆ.

ವಿಚಿತ್ರ ಅನ್ನಿಸಿತಾ? ನಮ್ಮ ಪಂಚಾಂಗ ತೆಗೆದು ನೋಡಿ. ಅದರ ಗಳಿಗೆಯೂ ಸೂರ್ಯ ಹುಟ್ಟಿದ ಮೇಲೆಯೇ ಶುರು. 24 ನಿಮಿಷಕ್ಕೊಂದು ಗಳಿಗೆ, ದಿನಕ್ಕೆ 60. ನಮ್ಮ ಅಜ್ಜ ಬದುಕಿದ್ದಿದ್ದರೆ ಆ ಡ್ರೈವರ್ ಮಾತು ಅವರಿಗೆ ನನಗಿಂತ ಬೇಗ ಅರ್ಥವಾಗುತ್ತಿತ್ತು. ರಾತ್ರಿಯಿಂದ ರಾತ್ರಿಗೆ ದಿನ ಎಣಿಸುವುದೇ ಲೋಕದ ನಿಯಮ ಅಂದುಕೊಂಡವನು ನಾನು.

ಡ್ರೈವರ್ ಎಂಟೂವರೆಗೆ ಸರಿಯಾಗಿ ಬಂದು, ಅರ್ಧ ಗಂಟೆ ಕಾದು ಹೋದನಂತೆ.

ಏರು

ಮೆಸ್ಕೆಲ್ ಚೌಕದಿಂದ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆ ಏರು ದಾರಿ. ನೋಡಲು ಏನೂ ಅನ್ನಿಸುವುದಿಲ್ಲ. ನಾಮದ ಚಿಲುಮೆಗೆ ಹೋಗುವ ದಾರಿಯಷ್ಟೂ ಏರಿಲ್ಲ. ಚೌಕದ ಒಂದು ಪಕ್ಕ ಗ್ಯಾಲರಿಯಂತೆ ಮೆಟ್ಟಿಲು ಸಾಲು. ಅಲ್ಲಿ ಹುಡುಗ ಹುಡುಗಿಯರು ಈ ತುದಿಯಿಂದ ಆ ತುದಿಗೆ ಓಡಿ, ಒಂದು ಮೆಟ್ಟಿಲು ಏರಿ, ಮತ್ತೆ ಓಡುತ್ತಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾನ ನಾಡಿದು. ಆ ಮಕ್ಕಳು ಹತ್ತನೇ ಸುತ್ತಿನಲ್ಲೂ ಮಾತಾಡಿಕೊಂಡು ಓಡುತ್ತಿದ್ದರು. ನಾನು ನಾಲ್ಕು ಕಿಲೋ ಕಾಗದ ಹೊತ್ತು, ಇನ್ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ.

ಬೊಜ್ಜು ಅಂದುಕೊಂಡೆ. ಬೊಜ್ಜೂ ಇದೆ, ಇಲ್ಲ ಅನ್ನಲ್ಲ. ಆದರೆ ಕಾರಣ ಗಾಳಿ.

ಅಡಿಸ್ ಅಬಾಬಾ ಸಮುದ್ರ ಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯೇ ಸುಮಾರು 1,930 ಮೀಟರ್. ಅದರ ಮೇಲೆ ಇನ್ನೂ 400 ಮೀಟರ್ ಹತ್ತಿ, ಅಲ್ಲೊಂದು ಮಹಾನಗರ ಕಟ್ಟಿದರೆ ಹೇಗೋ ಹಾಗೆ. ನಾವು ಊಟಿಗೆ ಹೋಗುವಾಗ ಘಾಟಿಯಲ್ಲಿ ಸುತ್ತಿ ಸುತ್ತಿ ಹತ್ತುತ್ತೇವೆ, ಕಿವಿ ಮುಚ್ಚುತ್ತದೆ, ಎತ್ತರಕ್ಕೆ ಬಂದೆವು ಅಂತ ಮೈಗೆ ಗೊತ್ತಾಗುತ್ತದೆ. ಅಡಿಸ್‌ಗೆ ವಿಮಾನದಲ್ಲಿ ಹೋದವನಿಗೆ ಆ ಸೂಚನೆಯೇ ಇಲ್ಲ. ಬಾಗಿಲು ತೆರೆಯುತ್ತದೆ, ಸಮತಟ್ಟಾದ ರನ್‌ವೇ ಕಾಣುತ್ತದೆ. ಆದರೆ ತುಮಕೂರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕಕ್ಕಿಂತ ಅಲ್ಲಿ ಸುಮಾರು ಆರನೇ ಒಂದು ಭಾಗ ಕಡಿಮೆ. ಎದೆ ಬೇಗ ಬೇಗ ಬಡಿದುಕೊಂಡು ಅದನ್ನು ಸರಿದೂಗಿಸಬೇಕು. ಓಡುತ್ತಿದ್ದ ಆ ಮಕ್ಕಳು ಅಲ್ಲೇ ಹುಟ್ಟಿ ಬೆಳೆದವರು. ನನ್ನ ರಕ್ತ ಅದಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕು.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ವಿಮಾನದ ಒಳಗಿನ ಗಾಳಿಯನ್ನು ನೆಲಮಟ್ಟದ ಒತ್ತಡಕ್ಕೆ ಇಟ್ಟಿರುವುದಿಲ್ಲ. ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ, ತೇವವಂತೂ ತೀರಾ ಕಡಿಮೆ. ಬೇರೆ ಊರಿನಲ್ಲಾದರೆ ವಿಮಾನ ಇಳಿದ ಕೂಡಲೇ ಮೈಗೆ ದಪ್ಪ ಗಾಳಿ ಸಿಗುತ್ತದೆ, ಸುಸ್ತು ಅರ್ಧ ಇಳಿಯುತ್ತದೆ. ಅಡಿಸ್‌ನಲ್ಲಿ ಹಾಗಲ್ಲ. ವಿಮಾನ ಇಳಿಯಿತು, ನನ್ನ ಶ್ವಾಸಕೋಶ ಇನ್ನೂ ಮೇಲೆಯೇ ಇತ್ತು. ಮೂರು ದಿನ ಕಳೆದು ವಾಪಸ್ ಮುಂಬೈಯಲ್ಲಿ ಇಳಿದಾಗಲೇ ಅದು ಕೆಳಗೆ ಬಂದಿದ್ದು.

ದಾರಿಯಲ್ಲಿ ಆಫ್ರಿಕಾ ಹಾಲ್ ಸಿಕ್ಕಿತು. 1961ರಲ್ಲಿ ತೆರೆದ ಕಟ್ಟಡ. 1963ರ ಮೇ ತಿಂಗಳಲ್ಲಿ ಆಫ್ರಿಕಾದ ನಾಯಕರು ಸೇರಿ ಆಫ್ರಿಕನ್ ಏಕತಾ ಸಂಘಟನೆ ಕಟ್ಟಿದ್ದು ಇಲ್ಲೇ. ಅಫೆವರ್ಕ್ ತೆಕ್ಲೆ ಮಾಡಿದ ದೊಡ್ಡ ಬಣ್ಣದ ಗಾಜಿನ ಚಿತ್ರ ಒಳಗಿದೆ. ಮನೆಯಲ್ಲಿ ಕೂತು ಅದರ ಬಗ್ಗೆ ಓದಿಕೊಂಡು ಹೋಗಿದ್ದೆ. ಮುಂದೆ ಹಾದು ಹೋಗುವಾಗ ನನಗೆ ಕಂಡಿದ್ದು ಅದರ ಗೇಟಿನ ನೆರಳು ಮಾತ್ರ, ಅಲ್ಲಿ ಒಂದು ನಿಮಿಷ ನಿಂತೆ.

ಒಳಗೆ

ಸಭಾಂಗಣ ಸೇರಿದಾಗ ಒಂಬತ್ತಕ್ಕೆ ಹತ್ತು ನಿಮಿಷ. ಹಣೆಯ ಎರಡೂ ಪಕ್ಕ ಸಣ್ಣಗೆ ತಲೆನೋವು. ಬಾಯಿ ಒಣಗಿತ್ತು. ಬೆವರೇನೂ ಬಂದಿರಲಿಲ್ಲವಲ್ಲ, ನೀರು ಬೇಡ ಅನ್ನಿಸಿತು. ಒಣ ಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಜೊತೆಗೆ ಜೋರಾಗಿ ಉಸಿರಾಡಿದಷ್ಟೂ ಉಸಿರಿನಲ್ಲೇ ನೀರು ಹೋಗುತ್ತದೆ. ರಾತ್ರಿಯಿಡೀ ವಿಮಾನದಲ್ಲಿ ಎರಡು ಲೋಟ ನೀರು ಕುಡಿದಿದ್ದೆ. ಪಕ್ಕದವರನ್ನು ಎಬ್ಬಿಸಿ ಬಚ್ಚಲಿಗೆ ಹೋಗುವ ಸಂಕೋಚಕ್ಕೆ ಅಷ್ಟೇ ಸಾಕು ಅಂದುಕೊಂಡಿದ್ದೆ.

ಸಭೆ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ. ಕಿವಿಗೆ ಹೆಡ್‌ಫೋನ್. ಹಿಂದಿನ ಗಾಜಿನ ಗೂಡಿನಲ್ಲಿ ಅನುವಾದಕರು ಇಬ್ಬರಿಬ್ಬರು ಕೂತಿದ್ದರು. ಅವರು ಅರ್ಧ ಗಂಟೆಗೊಮ್ಮೆ ಬದಲಾಗುತ್ತಾರೆ. ಅದಕ್ಕಿಂತ ಜಾಸ್ತಿ ಹೊತ್ತು ಮಾಡಿದರೆ ತಪ್ಪು ಬರುತ್ತದೆ ಅಂತ ಅವರ ಕಸುಬಿನಲ್ಲೇ ಕಟ್ಟಿಕೊಂಡ ಪದ್ಧತಿ ಅದು. ಕೇಳುವವರಿಗೆ ಅಂಥ ಪದ್ಧತಿ ಯಾವುದೂ ಇಲ್ಲ. ಸೆನೆಗಲ್‌ನವರ ಫ್ರೆಂಚ್ ಇಂಗ್ಲಿಷಾಗಿ ಕಿವಿಗೆ ಬೀಳುತ್ತದೆ, ಅದನ್ನು ನಾನು ಒಳಗೆ ಕನ್ನಡ ಮಾಡಿಕೊಳ್ಳುತ್ತೇನೆ, ಉತ್ತರ ಕನ್ನಡದಲ್ಲಿ ಹೊಳೆಯುತ್ತದೆ, ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಬೆಳಗಿನಿಂದ ಸಂಜೆವರೆಗೆ, ಪಾಳಿ ಬದಲಿಸುವವರು ಇಲ್ಲದೆ. ಸುಮ್ನೆ ಕೂತಿದ್ದೆ ಅಂತ ನಾವು ಹೇಳುತ್ತೇವೆ. ಸುಮ್ನೆ ಕೂತಿರಲಿಲ್ಲ.

ಹನ್ನೊಂದಕ್ಕೆ ಬಿಡುವು. ಅಲ್ಲಿ ಬಂತು ಕಾಫಿ.

ಹಜಾರದ ಮೂಲೆಯಲ್ಲಿ ನೆಲಕ್ಕೆ ಹಸಿರು ಹುಲ್ಲು ಹಾಸಿ, ಬಿಳಿ ಬಟ್ಟೆ ಉಟ್ಟ ಹೆಣ್ಣುಮಗಳೊಬ್ಬಳು ಕೂತಿದ್ದಳು. ಹಸಿ ಬೀಜವನ್ನು ಎದುರಿಗೇ ಹುರಿದು, ಆ ಹೊಗೆಯನ್ನು ನಮ್ಮ ಕಡೆ ಬೀಸಿ, ಪುಡಿ ಮಾಡಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿದಳು. ಪಕ್ಕದಲ್ಲಿ ಧೂಪ. ಜೊತೆಗೆ ತಿನ್ನಲು ಪಾಪ್‌ಕಾರ್ನ್, ನಮ್ಮಲ್ಲಿ ಪುರಿ ಕೊಟ್ಟ ಹಾಗೆ. ಹಿಡಿ ಇಲ್ಲದ ಪುಟ್ಟ ಬಟ್ಟಲು. ಮೂರು ಸುತ್ತು ಕೊಡುತ್ತಾರೆ, ಪ್ರತಿ ಸುತ್ತಿಗೂ ಹೆಸರಿದೆ. ಅಬೋಲ್, ತೋನಾ, ಬರಕಾ. ಮೂರನೆಯದು ಆಶೀರ್ವಾದ. ಎದ್ದು ಹೋಗುವುದು ಮರ್ಯಾದೆಯಲ್ಲ. ಕಾಫಿ ಗಿಡದ ತವರೇ ಈ ನಾಡು. ಬಾಬಾ ಬುಡನ್ ಏಳು ಬೀಜ ತಂದರು ಅಂತ ಚಿಕ್ಕಮಗಳೂರಿನವರು ಹೇಳುವ ಕಥೆ ಯೆಮೆನ್‌ನಲ್ಲಿ ಶುರುವಾಗುತ್ತದೆ, ಯೆಮೆನ್‌ಗೆ ಅದು ಹೋಗಿದ್ದು ಇಲ್ಲಿಂದ. ತವರುಮನೆಯಲ್ಲಿ ಬೇಡ ಅನ್ನಲಾಗುತ್ತಾ? ಮೂರೂ ಸುತ್ತು ಕುಡಿದೆ. ತಲೆನೋವು ಇಳಿಯಿತು. ಲೋಕ ಬೆಳ್ಳಗಾಯಿತು. ಊಟ ಆದ ಮೇಲೆ ಮತ್ತೆ ಎರಡು, ನಾಲ್ಕು ಗಂಟೆಗೆ ಮತ್ತೊಂದು.

ಆ ದಿನದ ಕೆಡುಕಿನಲ್ಲಿ ಇದರ ಪಾಲೇ ಎಲ್ಲಕ್ಕಿಂತ ನಯವಾದದ್ದು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಅದು ನಿದ್ದೆಗೆ ಕರೆಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಹೋಗಿ ಅದರ ಜಾಗದಲ್ಲಿ ಕೂರುತ್ತದೆ. ಕರೆ ಕೇಳಿಸುವುದಿಲ್ಲ. ಆದರೆ ಬಾಕಿ ತೀರಿರುವುದಿಲ್ಲ. ನನಗೆ ಎಚ್ಚರವಿತ್ತು, ಚುರುಕು ಇರಲಿಲ್ಲ. ಎರಡೂ ಒಂದೇ ಅಂದುಕೊಂಡು ವೇದಿಕೆ ಹತ್ತಿದೆ. ತೂಕಡಿಸುತ್ತಿದ್ದಿದ್ದರೆ ಬಹುಶಃ ಕಾಗದ ನೋಡಿಕೊಂಡಾದರೂ ಓದುತ್ತಿದ್ದೆ. ಕಾಫಿಯ ಧೈರ್ಯದಲ್ಲಿ ಬಾಯಿಪಾಠ ಹೇಳಲು ಹೋದೆ.

ಊಟದ ಬಗ್ಗೆ ದೂರಿಲ್ಲ. ಅದು ಬುಧವಾರವಾಗಿದ್ದು ನನ್ನ ಪುಣ್ಯ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ. ಉಪವಾಸ ಅಂದರೆ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಹಾಗಾಗಿ ದೊಡ್ಡ ತಟ್ಟೆಯ ತುಂಬ ಇಂಜೆರಾ ಹಾಸಿ, ಮೇಲೆ ಬೇಳೆ, ಸೊಪ್ಪು, ಕೋಸು, ಕಡಲೆ ಹಿಟ್ಟಿನ ಶಿರೋ. ಇಂಜೆರಾ ಅಂದರೆ ಟೆಫ್ ಅನ್ನುವ ಕಿರುಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಒಂದೇ ಪಕ್ಕ ಬೇಯಿಸಿದ ದೊಡ್ಡ ಮೆತ್ತನೆ ದೋಸೆ. ಕಣ್ಣು ಕಣ್ಣಾಗಿ ತೂತು. ಬಲಗೈಯಲ್ಲೇ ಮುರಿದು ತಿನ್ನಬೇಕು. ನನಗಿಂತ ಸಂತೋಷವಾಗಿ ಅಲ್ಲಿ ಯಾರೂ ಉಂಡಿರಲಿಲ್ಲ. ಹೊಟ್ಟೆ ತುಂಬ ತಿಂದೆ. ಅದಾದ ಒಂದು ಗಂಟೆಗೆ ಭಾಷಣ.

ಮೇಷ್ಟ್ರ ಲೆಕ್ಕ

ಸಂಜೆ ಹೋಟೆಲಿಗೆ ಶಿವಮೊಗ್ಗ ಕಡೆಯ ಮೇಷ್ಟ್ರೊಬ್ಬರು ಬಂದರು. ಅಡಿಸ್‌ನ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ದೂರದ ನೆಂಟಸ್ತನ. ಇಥಿಯೋಪಿಯಾಕ್ಕೆ ಭಾರತದ ಮೇಷ್ಟ್ರುಗಳು ಹೋಗುವುದು ದೊರೆ ಹೈಲೆ ಸೆಲಾಸ್ಸಿ ಕಾಲದಿಂದ ನಡೆದು ಬಂದಿದೆ. ವಯಸ್ಸಾದವರು ನಮ್ಮವರನ್ನು ಕಂಡರೆ ಈಗಲೂ "ಟೀಚರ್" ಅಂತಲೇ ಮಾತಾಡಿಸುತ್ತಾರಂತೆ.

ಬಂದವರೇ ನನ್ನ ಮುಖ ನೋಡಿ ಎರಡು ಲೀಟರ್ ನೀರಿನ ಬಾಟಲಿ ತರಿಸಿದರು.

"ಎಷ್ಟು ಹೊತ್ತಾಯ್ತು ಸಾರ್ ನೀವು ಮಲಗಿ?"

"ವಿಮಾನದಲ್ಲಿ ಸ್ವಲ್ಪ ಮಲಗಿದ್ದೆ ಮೇಷ್ಟ್ರೇ."

"ವಿಮಾನದ್ದು ಬಿಡಿ. ಹಾಸಿಗೆ ಮೇಲೆ?"

ಬೆರಳು ಮಡಚಿದೆ. ಮಂಗಳವಾರ ಬೆಳಗ್ಗೆ ಐದರಿಂದ. ಭಾಷಣ ಮಾಡಿದಾಗ ಊರಿನಲ್ಲಿ ಬುಧವಾರ ಸಂಜೆ ಐದು. 36 ಗಂಟೆ.

ಮೇಷ್ಟ್ರು ನಗಲಿಲ್ಲ. 17 ಗಂಟೆ ಸತತ ಎದ್ದಿದ್ದರೆ ಮನುಷ್ಯನ ಗಮನ, ಕೈಚಳಕ ಎಷ್ಟು ಕೆಡುತ್ತದೆ ಅಂತ 1990ರ ದಶಕದಲ್ಲಿ ಅಳೆದು ನೋಡಿದ್ದಾರೆ ಅಂದರು. ರಕ್ತದ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದಾಗ ಆಗುವಷ್ಟು. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಇರುವ ಮಿತಿ 30. "ಪೊಲೀಸ್ ಹಿಡಿಯೋ ಸ್ಥಿತಿ ದಾಟಿ ಎಷ್ಟೋ ಹೊತ್ತಾಗಿತ್ತು ಸಾರ್. ನೀವು ಮೈಕ್ ಹಿಡ್ಕೊಂಡಿದ್ರಿ, ಅದೊಂದು ವಾಸಿ." ಕುಡಿದವನಿಗೂ ತಾನು ಸರಿಯಾಗೇ ಇದ್ದೀನಿ ಅನ್ನಿಸುತ್ತದೆ. ನಿದ್ದೆಗೆಟ್ಟವನಿಗೂ ಅಷ್ಟೇ.

ನಿದ್ದೆಗೇಡಿನಷ್ಟೇ ತಪ್ಪು ಎತ್ತರದ್ದು ಮತ್ತು ಕಾಫಿಯದ್ದು ಅಂತ ಅವರ ಲೆಕ್ಕ. ಕಾಫಿ ಮೈಯ ನೀರೆಲ್ಲ ಹೀರಿಬಿಡುತ್ತದೆ ಅಂದರು. ಇದನ್ನು ನಾನು ಪೂರ್ತಿ ಒಪ್ಪಲಿಲ್ಲ. ದಿನಾ ಕಾಫಿ ಕುಡಿಯುವವರಿಗೆ ಅಷ್ಟೇನೂ ನೀರು ಹೋಗುವುದಿಲ್ಲ, ಕುಡಿದ ಕಾಫಿಯಲ್ಲೇ ನೀರು ಇರುತ್ತದಲ್ಲ. ಎತ್ತರ ಒಂದೇ ಆಗಿದ್ದರೂ ಸುಧಾರಿಸಿಕೊಳ್ಳುತ್ತಿದ್ದೆ. ಊಟಿಗೆ ಹೋದವರೆಲ್ಲ ಎಕರೆ ಹೆಕ್ಟೇರ್ ಮರೆಯುತ್ತಾರಾ? ನನ್ನ ಲೆಕ್ಕ ಬೇರೆ. ನಿದ್ದೆ ಇದ್ದಿದ್ದರೆ ಡ್ರೈವರ್ ಮಾತಿಗೆ "ಯಾವ ಎರಡೂವರೆ?" ಅಂತ ಕೇಳುತ್ತಿದ್ದೆ. ಕೇಳಿದ್ದರೆ ನಡೆಯುತ್ತಿರಲಿಲ್ಲ. ನಡೆಯದಿದ್ದರೆ ತಲೆನೋವು ಬರುತ್ತಿರಲಿಲ್ಲ, ಆರು ಕಾಫಿ ಬೇಕಾಗುತ್ತಿರಲಿಲ್ಲ. ಕಾಫಿ ಇಲ್ಲದಿದ್ದರೆ ಸುಸ್ತು ನನಗೇ ಕಾಣುತ್ತಿತ್ತು, ಕಾಗದ ನೋಡಿ ಓದುತ್ತಿದ್ದೆ. ಎಳೆ ಹಿಡಿದು ಎಳೆದರೆ ಕೊನೆಗೆ ಕೈಗೆ ಬರುವುದು ತುಮಕೂರಿನ ಆಫೀಸಿನಲ್ಲಿ ಉಳಿಸಿದ ಒಂದು ರಾತ್ರಿಯ ಬಾಡಿಗೆ.

ಮೇಷ್ಟ್ರು ಹೊರಡುವ ಮೊದಲು ಹಳದಿ ಹೂವಿನ ಫೋಟೋ ನೋಡಿದರು. "ಅಯ್ಯೋ, ಇದು ನೂಗ್ ಅಲ್ವಾ ಸಾರ್" ಅಂದರು.

ನೂಗ್ ಅಂದರೆ ಹುಚ್ಚೆಳ್ಳು. ಅದರ ತವರು ಇಥಿಯೋಪಿಯಾ. ಸಸ್ಯಶಾಸ್ತ್ರದ ಹೆಸರಿನಲ್ಲೇ ಅಬಿಸಿನಿಕಾ ಇದೆ, ಆ ದೇಶದ ಹಳೆಯ ಹೆಸರು. ರಾಗಿಯೂ ಅಷ್ಟೇ. ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ ಮೊದಲು ಬೆಳೆಸಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು. ಅಲ್ಲಿ ಅದನ್ನು ದಾಗುಸಾ ಅನ್ನುತ್ತಾರೆ, ಇಂಜೆರಾಕ್ಕೂ ಮನೆಯಲ್ಲಿ ಮಾಡುವ ಮದ್ಯಕ್ಕೂ ಹಾಕುತ್ತಾರೆ. ಆ ಹಿರಿಯರು ನೋಡಿದ್ದು ತಮ್ಮ ಹೊಲದ ಎರಡು ಬೆಳೆಗಳು ಸಮುದ್ರದಾಚೆ ಯಾರದೋ ಹೊಲದಲ್ಲಿ ಸಾಲು ಸಾಲಾಗಿ ಒಟ್ಟಿಗೆ ನಿಂತಿರುವುದನ್ನು. ನಾನು ಅಷ್ಟು ದೂರ ಹೋಗಿದ್ದೇ ಅಂಥ ಒಂದು ಮಾತಿಗೆ. ಮಾತು ನನ್ನ ಎದುರಿಗೆ ಬಂದು ನಿಂತಿತ್ತು, ನಾನು ತಲೆಯಾಡಿಸಿ ಕಳಿಸಿದ್ದೆ.

ಆ ರಾತ್ರಿಯಾದರೂ ನಿದ್ದೆ ಬಂತಾ ಅಂದರೆ, ಅದೂ ಇಲ್ಲ. ಕುಡಿದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ನಾಲ್ಕು ಗಂಟೆಯ ಕಾಫಿ ಒಂಬತ್ತಕ್ಕೂ ಅರ್ಧ ಉಳಿದಿತ್ತು. ಹೊಸ ಎತ್ತರದಲ್ಲಿ ಮೊದಲ ರಾತ್ರಿಗಳ ನಿದ್ದೆ ಹೇಗೂ ಹರಿದು ಹರಿದು ಬರುತ್ತದೆ. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ನೀರು ಕುಡಿದೆ. ನಾಲ್ಕೂವರೆ ಮೇಲೆ ಸತ್ತವನ ಹಾಗೆ ಮಲಗಿದೆ.

ಮರುದಿನ

ಡ್ರೈವರ್‌ಗೆ "ನಿಮ್ಮ ಎರಡೂವರೆ, ನಮ್ಮ ಎಂಟೂವರೆ" ಅಂತ ಬೆರಳಲ್ಲಿ ಎಣಿಸಿ ತೋರಿಸಿದೆ. ಅವನು ಜೋರಾಗಿ ನಕ್ಕ. ಹೋಗುವ ದಾರಿ ಮೂರು ನಿಮಿಷದ್ದು. ಹನ್ನೊಂದಕ್ಕೆ ಅಬೋಲ್ ಮಾತ್ರ ಕುಡಿದು, ಎದೆ ಮೇಲೆ ಕೈಯಿಟ್ಟು ಸಾಕು ಅಂದೆ. ಆ ಹೆಣ್ಣುಮಗಳು ಬೇಜಾರು ಮಾಡಿಕೊಳ್ಳಲಿಲ್ಲ. ಹೊಸದಾಗಿ ಬಂದವರನ್ನು ಅವಳು ಎಷ್ಟು ಜನ ನೋಡಿದ್ದಾಳೋ.

ಬೆಳಗಿನ ಗೋಷ್ಠಿಯ ಕೊನೆಯಲ್ಲಿ ಅಧ್ಯಕ್ಷರ ಅನುಮತಿ ಕೇಳಿ, ಕಾಗದ ನೋಡಿಕೊಂಡು, ನಿನ್ನೆ ಹೇಳಿದ್ದು ತಪ್ಪು, ಹೆಕ್ಟೇರಿಗೆ 20 ಕ್ವಿಂಟಲ್ ಅಂತ ಓದಿದೆ. ಉಗಾಂಡಾದವರು ದೂರದಿಂದಲೇ ಹೆಬ್ಬೆರಳು ಎತ್ತಿದರು. ಊಟದ ಹೊತ್ತಿಗೆ ಬಂದು ಅಕ್ಕಡಿ ಸಾಲಿನ ಅಂತರ, ಬಿತ್ತನೆಯ ತಿಂಗಳು ಎಲ್ಲ ಬರೆದುಕೊಂಡರು.

ಶಾಲಿನ ಹಿರಿಯರನ್ನು ಹುಡುಕಿದೆ. ಅವರು ಗೊಜ್ಜಾಮ್ ಕಡೆಯ ರೈತರು, ಒಂದೇ ದಿನಕ್ಕೆ ಕರೆಸಿದ್ದೆವು, ಬೆಳಗಿನ ಬಸ್ಸಿಗೆ ಹೋದರು ಅಂತ ಸಭೆ ನಡೆಸಿದವರು ಹೇಳಿದರು. ಅವರ ಹತ್ತಿರ ಫೋನ್ ಇದೆಯಾ ಅಂದೆ. ಕರೆಸಿದವರಿಗೂ ನಂಬರ್ ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಸಭೆಯ ವರದಿ ಬಂತು. ನನ್ನ ಪುಟದಲ್ಲಿ ಹೆಕ್ಟೇರಿಗೆ 8 ಕ್ವಿಂಟಲ್ ಅಂತಲೇ ಇದೆ. ತಿದ್ದುಪಡಿ ಹೇಳಿದ್ದು ಎರಡನೇ ದಿನ, ವರದಿಗಾರರು ಟಿಪ್ಪಣಿ ಮಾಡಿಕೊಂಡಿದ್ದು ಮೊದಲ ದಿನ. ಪತ್ರ ಬರೆದಿದ್ದೇನೆ. ಹಳದಿ ಹೂವಿನ ಫೋಟೋವನ್ನೂ ಹಾಕಿದ್ದಾರೆ. ಅದರ ಕೆಳಗೆ ಅಮ್ಹಾರಿಕ್ ಅಕ್ಷರದಲ್ಲಿ ಒಂದೇ ಒಂದು ಪದ ಅಚ್ಚಾಗಿದೆ. ಮೇಷ್ಟ್ರಿಗೆ ಕಳಿಸಿ ಓದಿಸಿದೆ. ನೂಗ್ ಅಂತಿದೆಯಂತೆ.